ಬೈಕು ಮಾರಿ ಕಣ್ಣು ತೋರಿಸಿದ ಹುಡುಗ

ಆತ್ಮೀಯರೇ,

ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ, ರಸ್ತೆ ಬದಿಯಲ್ಲಿ ಸೈಕಲ್ ನಿಲ್ಲಿಸಿ ಕತ್ತೆತ್ತಿ ನಿಲ್ಲುವ ನಮ್ಮ ಶಿವಮೊಗ್ಗದ ಹುಡುಗರನ್ನು ಕಂಡಾಗಲೆಲ್ಲ ನನಗೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುದಳದ ಯುದ್ಧವಿಮಾನ ಹಾರಿಸಿದ ಇಂದ್ರಲಾಲ್ ರಾಯ್ ನೆನಪಾಗುತ್ತಾನೆ.

ಅವನು ಹುಟ್ಟಿದ್ದು ಕಲ್ಕತ್ತಾದಲ್ಲಿ, 1898ರ ಡಿಸೆಂಬರ್ 2ರಂದು. ತಂದೆ ಬ್ಯಾರಿಸ್ಟರ್. ತಾಯಿ ಲೋಲಿತಾ ರಾಯ್ ಲಂಡನ್ನಿನಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದವರು. ಹುಡುಗ ಓದಿದ್ದು ಅಲ್ಲಿಯ ಸೇಂಟ್ ಪಾಲ್ಸ್ ಶಾಲೆಯಲ್ಲಿ. ಪುಸ್ತಕಕ್ಕಿಂತ ಯಂತ್ರಗಳ ಹುಚ್ಚು ಹೆಚ್ಚು. ಯುದ್ಧ ಶುರುವಾದಾಗ ತಾನೇ ಒಂದು ಫಿರಂಗಿಯ ನಕ್ಷೆ ಬರೆದು ಯುದ್ಧ ಕಚೇರಿಗೆ ಕಳುಹಿಸಿದ್ದನಂತೆ!

ವಾಯುದಳ ಸೇರಲು ಹೋದರೆ, ದೃಷ್ಟಿ ಸಾಲದು ಎಂದು ವಾಪಸು ಕಳುಹಿಸಿದರು. ಅವನು ತನ್ನ ಮೋಟಾರು ಬೈಕು ಮಾರಿದ. ಆ ಹಣದಲ್ಲಿ ಹೆಸರಾಂತ ನೇತ್ರತಜ್ಞರೊಬ್ಬರಿಗೆ ಕಣ್ಣು ತೋರಿಸಿ, ಮೊದಲಿನ ತೀರ್ಪನ್ನು ಬದಲಾಯಿಸಿಕೊಂಡು ಬಂದ. ಈ ಸಂಗತಿಯನ್ನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಿಲ್ಲ. ಆ ವಯಸ್ಸಿನ ಹುಡುಗನಿಗೆ ಬೈಕು ಎಂದರೆ ಏನೆಂದು ಇಲ್ಲಿ ಮುಂದೆ ಕುಳಿತವರಿಗೆ ನಾನು ವಿವರಿಸಬೇಕಿಲ್ಲ.

1917ರ ನವೆಂಬರಿನಲ್ಲಿ ಅವನ ವಿಮಾನ ಅಪ್ಪಳಿಸಿತು. ಸತ್ತನೆಂದೇ ತಿಳಿದು ಶವಾಗಾರದಲ್ಲಿ ಮಲಗಿಸಿದ್ದರು, ಎಚ್ಚರವಾಗಿ ಒಳಗಿನಿಂದ ಬಾಗಿಲು ಬಡಿದ ಎಂಬ ಕಥೆ ಇದೆ. ಚೇತರಿಸಿಕೊಳ್ಳುತ್ತಿದ್ದ ತಿಂಗಳುಗಳಲ್ಲಿ ಅವನು ಕಾಗದದ ತುಂಬ ವಿಮಾನಗಳನ್ನು ಬಿಡಿಸಿದ. ತನ್ನನ್ನು ನೆಲಕ್ಕೆ ಕೆಡವಿದ್ದನ್ನೇ ಅಷ್ಟು ಅಕ್ಕರೆಯಿಂದ ಬಿಡಿಸಿದ ಕೈ ಅದು.

ಬ್ರಿಟಿಷರಿಗಾಗಿ ಹಾರಿದವನನ್ನು ಈಸೂರಿನ ಜಿಲ್ಲೆಯಲ್ಲಿ ನಿಂತು ನೆನೆಯುವುದು ಸರಿಯೇ ಎಂದು ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂದ ಆ ಊರಿನ ಐವರು 1943ರಲ್ಲಿ ಗಲ್ಲಿಗೇರಿದ ನೆನಪು ಈ ಮಣ್ಣಿನಲ್ಲಿ ಇನ್ನೂ ಹಸಿಯಾಗಿದೆ. ಆ ಸಾಮ್ರಾಜ್ಯವನ್ನು ನಾನು ಸಮರ್ಥಿಸಲಾರೆ. ಆದರೆ ಅದು ನುಂಗಿದ ಮಕ್ಕಳಲ್ಲಿ ಇವನೂ ಒಬ್ಬ ಎಂದೇ ನನ್ನ ಎಣಿಕೆ. ಅವನಿಗಾಗಿ ಮರುಗುವುದರಿಂದ ಈಸೂರಿನ ಋಣ ಕಡಿಮೆಯಾಗುವುದಿಲ್ಲ.

1918ರ ಜೂನಿನಲ್ಲಿ ಅವನು ಮತ್ತೆ ಫ್ರಾನ್ಸಿನ ರಣರಂಗಕ್ಕೆ ಮರಳಿದ. ಜುಲೈ ತಿಂಗಳ ಎರಡೇ ವಾರಗಳಲ್ಲಿ ಶತ್ರು ವಿಮಾನಗಳ ಮೇಲೆ ಹತ್ತು ವಿಜಯಗಳು ಅವನ ಹೆಸರಿಗೆ ಸೇರಿದವು. ಎಲ್ಲರೂ ಹೇಳುವುದು ಅದನ್ನೇ, ಹಾಗಾಗಿ ನಾನು ಬೆಳೆಸುವುದಿಲ್ಲ. ಜುಲೈ 22ರಂದು, ನಮ್ಮ ಮಲೆನಾಡಿನಲ್ಲಿ ಮಳೆ ಬಿಡದೆ ಸುರಿಯುವ ದಿನಗಳಲ್ಲಿ, ಕಾರ್ವಿನ್ ಊರಿನ ಮೇಲಿನ ಆಕಾಶದಲ್ಲಿ ನಡೆದ ಕಾಳಗದಲ್ಲಿ ಅವನ ವಿಮಾನ ಉರಿದು ಬಿದ್ದಿತು. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕದ ಘೋಷಣೆ ಬಂದದ್ದು ಸೆಪ್ಟೆಂಬರಿನಲ್ಲಿ. ಆ ಪದಕ ಪಡೆದ ಮೊದಲ ಭಾರತೀಯ ಅವನು.

ನವೆಂಬರ್ 11ಕ್ಕೆ ಯುದ್ಧ ನಿಂತಿತು. ಇನ್ನು ಮೂರು ವಾರ ಕಳೆದಿದ್ದರೆ ಅವನಿಗೆ ಇಪ್ಪತ್ತು ತುಂಬುತ್ತಿತ್ತು.