ಏಕಾಗ್ರತೆಯಿಲ್ಲ ಎಂಬ ಬೈಗುಳ

ಎಲ್ಲರಿಗೂ ನಮಸ್ಕಾರ. ಓದಲು ಕುಳಿತ ಮಗುವಿನ ಬೆನ್ನ ಹಿಂದೆ ನಿಂತು "ಮನಸ್ಸಿಟ್ಟು ಓದು, ನಿನ್ನ ಧ್ಯಾನವೆಲ್ಲ ಎಲ್ಲೋ ಇದೆ" ಎಂದು ಗದರಿಸದ ಮನೆ ನಮ್ಮಲ್ಲಿ ಬಹುಶಃ ಇರಲಾರದು. ಮನಸ್ಸು ಅತ್ತಿತ್ತ ಹೋಗುವುದು ಸೋಮಾರಿತನದ ಲಕ್ಷಣ, ಶಿಸ್ತಿನ ಕೊರತೆ, ಈಚೆಗಾದರೆ ಮೊಬೈಲಿನ ಚಟ, ಗಟ್ಟಿ ಮನಸ್ಸು ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಈ ಗದರಿಕೆಯ ಹಿಂದಿದೆ. ನಾನು ಅದನ್ನು ಒಪ್ಪುವುದಿಲ್ಲ. ಮನಸ್ಸು ಹೊರಟುಹೋಗುವುದನ್ನು ಪೂರ್ತಿಯಾಗಿ ತಡೆದವರು ಯಾರೂ ಇಲ್ಲ. ಅದು ಹೊರಟದ್ದು ನಮಗೇ ತಡವಾಗಿ ತಿಳಿಯುತ್ತದೆ ಎಂಬುದು ನಿಜವಾದ ತೊಡಕು, ಮತ್ತು ಎಷ್ಟು ಗದರಿದರೂ ಆ ತೊಡಕು ಇದ್ದಲ್ಲೇ ಇರುತ್ತದೆ.

ಮೊದಲು ಮೊಬೈಲಿನ ಮಾತನ್ನು ಮುಗಿಸಿಬಿಡೋಣ. ಓದುವಾಗ ಅದನ್ನು ಬೇರೆ ಕೋಣೆಯಲ್ಲಿಡುವುದು ಒಳ್ಳೆಯದೇ, ಅದರಲ್ಲಿ ವಾದವಿಲ್ಲ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಯಾರ ಜೇಬಿನಲ್ಲೂ ಮೊಬೈಲ್ ಇಲ್ಲದಿದ್ದಾಗ, ಬ್ರಿಟನ್ನಿನ ವಾಯುಪಡೆಯನ್ನು ಇದೇ ಚಿಂತೆ ಕಾಡಿತ್ತು. ಸಮುದ್ರದ ಮೇಲೆ ಹಾರುತ್ತ ರೇಡಾರ್ ಪರದೆಯಲ್ಲಿ ಶತ್ರುವಿನ ಜಲಾಂತರ್ಗಾಮಿಯ ಸುಳಿವಿಗಾಗಿ ಕಣ್ಣಿಟ್ಟು ಕೂರುವ ಸಿಬ್ಬಂದಿ, ಹೊತ್ತು ಕಳೆದಂತೆಲ್ಲ, ಎದುರಿಗೇ ಮೂಡಿದ ಚುಕ್ಕೆಯನ್ನೂ ತಪ್ಪಿಸಿಕೊಳ್ಳುತ್ತಿದ್ದರು. ಕಾರಣ ಹುಡುಕಲು ಹೊರಟ ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ಅಂಕಿಗಳಿಲ್ಲದ ಗಡಿಯಾರದಂಥ ಫಲಕವೊಂದನ್ನು ಮಾಡಿಸಿದರು. ಅದರ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಸರಿಯುತ್ತಿತ್ತು, ಅಪರೂಪಕ್ಕೆ ಮಾತ್ರ ಒಂದೇ ಸಲಕ್ಕೆ ಎರಡು ಹೆಜ್ಜೆ ಹಾರುತ್ತಿತ್ತು. ಆ ಜೋಡಿ ಹೆಜ್ಜೆಯನ್ನು ಕಂಡೊಡನೆ ತಿಳಿಸುವುದಷ್ಟೇ ಕೆಲಸ, ಎರಡು ಗಂಟೆಯ ಕಾಲ. 1948ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಫಲಕದ ಮುಂದೆ ಕುಳಿತವರ ಪತ್ತೆಯ ಪ್ರಮಾಣ ಎದ್ದು ಕಾಣುವಷ್ಟು ಕುಸಿದಿತ್ತು. ಯುದ್ಧಕಾಲದಲ್ಲಿ ತರಬೇತಿ ಪಡೆದ ಯುವಕರನ್ನು ಶಿಸ್ತಿಲ್ಲದವರೆಂದು ಕರೆಯುವುದು ಕಷ್ಟ.

ಈಗ ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಬನ್ನಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ ತುಂಬಿದ ರೀಡಿಂಗ್ ರೂಮಿನಲ್ಲಿ ಒಬ್ಬ ಹುಡುಗಿ ಸಂವಿಧಾನದ ಪುಸ್ತಕ ತೆರೆದಿದ್ದಾಳೆ. ಕೈಯಲ್ಲಿ ಹಳದಿ ಹೈಲೈಟರ್ ಇದೆ, ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಿದೆ, ಪುಟದ ಕೊನೆ ಬಂದಾಗ ಬೆರಳು ತಾನಾಗಿ ಪುಟ ಮಗುಚುತ್ತದೆ. ನೋಡಿದವರು ಎಂಥ ಶ್ರದ್ಧೆ ಎನ್ನಬೇಕು. ಮೂರನೆಯ ಪುಟದ ನಡುವೆ ಅವಳು ತಟ್ಟನೆ ನಿಲ್ಲುತ್ತಾಳೆ, ಹಿಂದಕ್ಕೆ ಮಗುಚಿ ನೋಡುತ್ತಾಳೆ: ಗೆರೆ ಎಳೆದಿರುವುದು ತಾನೇ, ಓದಿದ್ದು ಮಾತ್ರ ಒಂದಕ್ಷರವೂ ನೆನಪಿಲ್ಲ. ಓದುವ ಯಂತ್ರ ಅಷ್ಟು ಹೊತ್ತು ನಡೆಯುತ್ತಲೇ ಇತ್ತು, ಓದುವವಳು ಅಲ್ಲಿರಲಿಲ್ಲ.

ಇದನ್ನು ಪ್ರಯೋಗಾಲಯದಲ್ಲಿ ಅಳೆದವರಿದ್ದಾರೆ. ಎರಿಕ್ ರೈಕ್ಲ್, ಜೊನಾಥನ್ ಸ್ಕೂಲರ್ ಮತ್ತು ಸಂಗಡಿಗರು ಇಡೀ ಕಾದಂಬರಿಯೊಂದನ್ನು ಓದಿಸಿ, ಓದುಗರ ಕಣ್ಣಿನ ಚಲನೆಯನ್ನು ದಾಖಲಿಸಿ, 2010ರಲ್ಲಿ ವರದಿ ಪ್ರಕಟಿಸಿದರು. ಅರ್ಥಮಾಡಿಕೊಂಡು ಓದುವಾಗ ಕಣ್ಣು ಉದ್ದನೆಯ ಪದದ ಮೇಲೆ, ಬಳಕೆಯಲ್ಲಿ ಕಡಿಮೆಯಿರುವ ಪದದ ಮೇಲೆ ಹೆಚ್ಚು ಹೊತ್ತು ತಂಗುತ್ತದೆ, ಪರಿಚಿತ ಪದಗಳನ್ನು ಬೇಗ ದಾಟುತ್ತದೆ. ಮನಸ್ಸು ಬೇರೆಡೆಗೆ ಹೋದಾಗ ಈ ವ್ಯತ್ಯಾಸ ಮಸುಕಾಗುತ್ತದೆ, ಕಠಿಣ ಪದಕ್ಕೂ ಸುಲಭ ಪದಕ್ಕೂ ಕಣ್ಣು ಹೆಚ್ಚುಕಡಿಮೆ ಒಂದೇ ಮರ್ಯಾದೆ ಕೊಡುತ್ತದೆ.

ಇಂಥ ಅಧ್ಯಯನಗಳಲ್ಲಿ ಎರಡು ಬಗೆಯ ಲೆಕ್ಕವಿರುತ್ತದೆ. ಮನಸ್ಸು ಜಾರಿದ್ದು ಗೊತ್ತಾದ ಕೂಡಲೇ ಓದುಗರು ತಾವಾಗಿ ಗುಂಡಿ ಒತ್ತುವುದು ಒಂದು, ಮುನ್ಸೂಚನೆಯಿಲ್ಲದೆ ಅವರನ್ನು ತಡೆದು "ಈಗ ನಿಮ್ಮ ಮನಸ್ಸು ಎಲ್ಲಿತ್ತು" ಎಂದು ಕೇಳುವುದು ಇನ್ನೊಂದು. ಗುಂಡಿ ಒತ್ತಲು ಸಿದ್ಧರಾಗಿ ಕುಳಿತವರೇ, ಹೀಗೆ ತಡೆದು ಕೇಳಿದಾಗ, ತಮಗರಿವಿಲ್ಲದೆ ಮತ್ತೆ ಮತ್ತೆ ಸಿಕ್ಕಿಬೀಳುತ್ತಾರೆ. ಅಂದರೆ ಹೋಗುವುದು ಬೇರೆ, ಹೋದದ್ದು ತಿಳಿಯುವುದು ಬೇರೆ. 2009ರಲ್ಲಿ ಮೈಕಲ್ ಸಯೆಟ್ ಅವರ ತಂಡ ಒಂದು ಗುಂಪಿಗೆ ಮದ್ಯ ಕುಡಿಸಿ ಓದಿಸಿತು (ವಿಜ್ಞಾನದ ಹೆಸರಿನಲ್ಲಿ ಇಂಥ ಭಾಗ್ಯವೂ ಉಂಟು). ಕುಡಿದವರ ಮನಸ್ಸು ಹೆಚ್ಚು ಅಲೆಯಿತು, ಅದರಲ್ಲಿ ಅಚ್ಚರಿಯಿಲ್ಲ. ಆದರೆ ಅಲೆದಾಟ ಅಷ್ಟು ಹೆಚ್ಚಿದ್ದರೂ ಅವರು ತಮ್ಮನ್ನು ತಾವೇ ಹಿಡಿದುಕೊಂಡದ್ದು ಹೆಚ್ಚಲಿಲ್ಲ. ಕಾವಲುಗಾರನಿಗೇ ಜೊಂಪು ಹತ್ತಿತ್ತು.

ಹಾಗಾದರೆ ಮನಸ್ಸು ಹೋಗುವುದಾದರೂ ಎಲ್ಲಿಗೆ? ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಐಫೋನ್ ಆ್ಯಪ್ ಮೂಲಕ 2,250 ವಯಸ್ಕರನ್ನು ದಿನದ ಯಾವುದೋ ಹೊತ್ತಿನಲ್ಲಿ ತಡೆದು ಪ್ರಶ್ನಿಸಿ, ಶೇಕಡಾ 46.9ರಷ್ಟು ಸಂದರ್ಭಗಳಲ್ಲಿ ಜನ ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಬೇರೇನನ್ನೋ ಯೋಚಿಸುತ್ತಿದ್ದರೆಂದು 2010ರಲ್ಲಿ ಪ್ರಕಟಿಸಿದರು. ಅಲೆಯುವ ಮನಸ್ಸು ದುಃಖಿ ಮನಸ್ಸು ಎಂಬ ತೀರ್ಮಾನ ಅಂದಿನಿಂದ ಎಲ್ಲ ಭಾಷಣಗಳಲ್ಲೂ ಕೇಳಿಬರುತ್ತಿದೆ. ಅದೇ ಅಧ್ಯಯನದ ಒಳಗೆ ಇಳಿದರೆ, ಹಿತವಾದ ಸಂಗತಿಗಳನ್ನು ನೆನೆಯುತ್ತಿದ್ದವರು ಕೆಲಸದಲ್ಲೇ ಮಗ್ನರಾಗಿದ್ದವರಿಗಿಂತ ಕಡಿಮೆ ಸುಖಿಗಳಾಗಿರಲಿಲ್ಲ ಎಂಬ ವಿವರವೂ ಸಿಗುತ್ತದೆ. ಭಾಷಣಕಾರರು ಅದನ್ನು ಬಿಟ್ಟುಬಿಡುತ್ತಾರೆ. ಮೊದಲೇ ಮನಸ್ಸನ್ನು ಖಿನ್ನಗೊಳಿಸಿ ಕೆಲಸ ಕೊಟ್ಟರೆ ಅಲೆದಾಟ ಹೆಚ್ಚುತ್ತದೆಂದು ಜೊನಾಥನ್ ಸ್ಮಾಲ್‌ವುಡ್ ಮತ್ತು ಸಂಗಡಿಗರು 2009ರಲ್ಲೇ ತೋರಿಸಿದ್ದರು. ಹಾಸ್ಟೆಲ್ ಶುಲ್ಕ ಕಟ್ಟಿಲ್ಲದ, ಊರಿನಲ್ಲಿ ಅಪ್ಪನಿಗೆ ಹುಷಾರಿಲ್ಲದ ಹುಡುಗಿಗೆ ಏಕಾಗ್ರತೆಯ ಉಪನ್ಯಾಸ ಕೊಡುವವರು ಯಾವುದು ಕಾರಣ, ಯಾವುದು ಪರಿಣಾಮ ಎಂದು ಒಮ್ಮೆ ಯೋಚಿಸಬೇಕು.

ಅಲೆದಾಟದಿಂದಲೇ ಪ್ರತಿಭೆ ಅರಳುತ್ತದೆ ಎಂಬ ಎದುರು ವಾದವೂ ಚಾಲ್ತಿಯಲ್ಲಿದೆ. ಅದಕ್ಕೆ ಆಧಾರವಾದ 2012ರ ಪ್ರಯೋಗದ ಫಲಿತಾಂಶ ಮುಂದೆ ಬೇರೆಯವರು ಮಾಡಿನೋಡಿದಾಗ ಹಾಗೆಯೇ ಮರುಕಳಿಸಿಲ್ಲವಾದ್ದರಿಂದ ನಾನು ಅದರ ಮೇಲೆ ಭಾರ ಹಾಕುವುದಿಲ್ಲ.

ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಮುಗಿಯದೆ ಉಳಿದ ಕೆಲಸವನ್ನು ನೆನಪಿಸಿ ಓದಲು ಕೂರಿಸಿದರೆ, ಆ ಕೆಲಸ ಓದಿನ ನಡುವೆ ಬಂದು ಬಂದು ಕಾಡುತ್ತದೆ. ಆದರೆ ಅದೇ ಕೆಲಸವನ್ನು ಯಾವಾಗ, ಎಲ್ಲಿ, ಹೇಗೆ ಮಾಡುವೆನೆಂದು ಮೊದಲೇ ಬರೆದಿಟ್ಟವರಿಗೆ ಆ ಕಾಟ ತಗ್ಗಿತ್ತು, ಕೆಲಸ ಇನ್ನೂ ಆಗಿಲ್ಲದಿದ್ದರೂ. ಗಮನಿಸಬೇಕಾದ ಮಾತು ಇದು: ಚಿಂತೆಯನ್ನು ಬಿಟ್ಟುಬಿಡು ಎಂದರೆ ಮನಸ್ಸು ಕೇಳುವುದಿಲ್ಲ, ಅದಕ್ಕೊಂದು ಹೊತ್ತು ಗೊತ್ತುಮಾಡಿದರೆ ಒಂದಿಷ್ಟು ಕೇಳುತ್ತದೆ. "ಸಂಜೆ ಐದಕ್ಕೆ ಬ್ಯಾಂಕಿಗೆ ಫೋನ್" ಎಂದು ಪುಸ್ತಕದ ಪಕ್ಕದ ಚೀಟಿಯಲ್ಲಿ ಬರೆಯುವುದಕ್ಕೆ ಖರ್ಚಿಲ್ಲ, ಅದಕ್ಕೆ ಆ್ಯಪ್ ಕೊಳ್ಳಬೇಕಾಗಿಯೂ ಇಲ್ಲ.

ಗಮನದ ವಿಚಾರದಲ್ಲಿ ನಮ್ಮಲ್ಲೇ ಒಂದು ಅಪೂರ್ವ ಕಲೆಯಿದೆ, ಅಷ್ಟಾವಧಾನ. ಶತಾವಧಾನಿ ಆರ್. ಗಣೇಶ್ ಅವರು ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿದ್ದಾರೆ. ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಒಡ್ಡುವವರು, ಅವಧಾನಿಯ ಎದುರು ಕೂತಿರುತ್ತಾರೆ. ಒಬ್ಬರು ಸಮಸ್ಯೆಯನ್ನು, ಅಂದರೆ ಪದ್ಯದ ತೊಡಕಿನ ಸಾಲೊಂದನ್ನು, ಕೊಟ್ಟು ಪದ್ಯ ಪೂರ್ತಿಮಾಡೆನ್ನುತ್ತಾರೆ, ಇನ್ನೊಬ್ಬರು ಅವಧಾನಿ ಹೇಳಿದ ಒಂದೊಂದು ಅಕ್ಷರಕ್ಕೂ ಮುಂದಿನದನ್ನು ಊಹಿಸಿ ನಿಷೇಧಿಸುತ್ತಾರೆ. ಪದ್ಯಗಳೆಲ್ಲ ಸುತ್ತಿಗೊಂದು ಪಾದದಂತೆ ಬೆಳೆಯುತ್ತವೆ. ಇವೆಲ್ಲದರ ನಡುವೆ ಅಪ್ರಸ್ತುತ ಪ್ರಸಂಗಿ ಎಂಬ ಮಹಾಶಯರು ಬೇಕಾದಾಗ ಬಾಯಿ ಹಾಕಿ, ತಲೆಬುಡವಿಲ್ಲದ ತರಲೆ ಪ್ರಶ್ನೆ ಕೇಳುತ್ತಾರೆ. ಅವಧಾನಿ ಕಿವಿ ಮುಚ್ಚಿಕೊಳ್ಳುವಂತಿಲ್ಲ. ಸಭೆ ನಗುವಂಥ ಉತ್ತರ ಕೊಟ್ಟು, ಬಿಟ್ಟ ಅಕ್ಷರಕ್ಕೇ ಮರಳಬೇಕು. ಕೊನೆಗೆ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸಬೇಕು, ಅದಕ್ಕೆ ಧಾರಣೆ ಎನ್ನುತ್ತಾರೆ. ಗಮನ ಕೆಡಿಸುವವನಿಗೇ ವೇದಿಕೆಯ ಮೇಲೆ ಕುರ್ಚಿ ಹಾಕಿಕೊಟ್ಟ ಈ ಕಲೆ ಮರಳಿ ಬರುವ ಜಾಣ್ಮೆಯನ್ನು ಪರೀಕ್ಷೆಗೆ ಒಡ್ಡುತ್ತದೆ. ಅವಧಾನಿಗಳ ಸ್ಮೃತಿ ನಮಗೆಲ್ಲ ಬರಲಾರದು, ಆದರೆ ಎಲ್ಲಿ ಬಿಟ್ಟೆವೋ ಅಲ್ಲೊಂದು ಗುರುತು ಇಟ್ಟು ಹೋಗುವುದನ್ನು ಯಾರೂ ಕಲಿಯಬಹುದು. ಓದುವ ಹುಡುಗಿ ಪುಟಕ್ಕೊಮ್ಮೆ ನಿಂತು, ಪುಸ್ತಕ ನೋಡದೆ ಒಂದು ವಾಕ್ಯ ಬರೆದರೆ, ಮೂರು ಪುಟದ ನಷ್ಟ ಒಂದು ಪುಟಕ್ಕೆ ಇಳಿಯುತ್ತದೆ.

ಈ ಉಪಾಯ ಎಲ್ಲ ಕಡೆ ಸಾಲದು ಎಂಬುದನ್ನೂ ಹೇಳಬೇಕು. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಅಪಘಾತದಿಂದ ಗಾಯಗೊಂಡು ಆಸ್ಪತ್ರೆಗೆ ಬಂದ 955 ಚಾಲಕರನ್ನು ಸಂದರ್ಶಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅಪಘಾತಕ್ಕೆ ತಾವೇ ಹೊಣೆಯಾಗಿದ್ದವರಲ್ಲಿ ಶೇಕಡಾ 17 ಮಂದಿ ಅದಕ್ಕೆ ಸ್ವಲ್ಪ ಮುಂಚೆ ಯಾವುದೋ ಗಾಢ ಯೋಚನೆಯಲ್ಲಿ ಮುಳುಗಿದ್ದರು, ಹೊಣೆಯಲ್ಲದವರಲ್ಲಿ ಆ ಪ್ರಮಾಣ ಶೇಕಡಾ 9. ಪುಸ್ತಕದ ಪುಟವನ್ನು ಹಿಂದಕ್ಕೆ ಮಗುಚಬಹುದು, ಹೆದ್ದಾರಿಯನ್ನು ಮಗುಚಲಾಗದು. ಅಂಥ ಕಡೆ ವ್ಯಕ್ತಿಯ ಅಭ್ಯಾಸವನ್ನು ನಂಬಿ ಕೂರದೆ ಕೆಲಸದ ಏರ್ಪಾಟನ್ನೇ ಬದಲಿಸಬೇಕು. ಮ್ಯಾಕ್‌ವರ್ತ್ ಕಂಡುಕೊಂಡ ಪರಿಹಾರವೂ ಅದೇ ಬಗೆಯದು: ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ವಿರಾಮ ಎಂದು ಪಾಳಿ ಹಂಚಿದಾಗ ಕುಸಿತ ನಿಂತಿತು. ಬಿಡುವಿಲ್ಲದೆ ಮೂರು ಗಂಟೆ ಪಾಠ ಮಾಡಿ ಹಿಂದಿನ ಬೆಂಚಿನವರನ್ನು ಬೈಯುವ ಕೋಚಿಂಗ್ ಕೇಂದ್ರವೂ, ರಾತ್ರಿಯಿಡೀ ಒಬ್ಬನೇ ಚಾಲಕನ ಕೈಗೆ ಬಸ್ಸು ಕೊಟ್ಟು ಬೆಳಿಗ್ಗೆ ಅವನ ನಿಷ್ಕಾಳಜಿಯ ಬಗ್ಗೆ ಹೇಳಿಕೆ ಕೊಡುವ ಮಾಲೀಕನೂ ಇದನ್ನು ತಮ್ಮ ವೇಳಾಪಟ್ಟಿಯಲ್ಲಿ ತೋರಿಸಲಿ. ಆಮೇಲೆ ಏಕಾಗ್ರತೆಯ ಮಾತಾಡಲಿ.