ಬಾವಿ ಉಪ್ಪಾದರೆ ಸಮುದ್ರವನ್ನು ಬೈಯಬೇಡಿ

ನಮಸ್ಕಾರ. ಕಡಲ ದಂಡೆಯಲ್ಲಿ ಬಾವಿನೀರು ಉಪ್ಪಾದ ಕೂಡಲೇ ‘ಸಮುದ್ರ ಒಳಗೆ ನುಗ್ಗಿತು’ ಅಂತೀವಿ. ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತೆ. ಅದು ತಾನಾಗಿ ಬಂದದ್ದು ಕಡಿಮೆ. ನಾವೇ ಪಂಪು ಹಾಕಿ ಎಳ್ಕೊಂಡದ್ದು ಹೆಚ್ಚು.

ಒಂದು ಘನ ಮೀಟರ್ ಸಿಹಿನೀರು 1000 ಕಿಲೋ ತೂಗಿದರೆ, ಕಡಲ ನೀರು ಸುಮಾರು 1025 ಕಿಲೋ. ಈ 25 ಕಿಲೋ ವ್ಯತ್ಯಾಸದಿಂದಲೇ ನೆಲದಡಿಯಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲ್ತಾ ಇರುತ್ತೆ. 1880ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಬಾಡೊನ್ ಘೈಬೆನ್, 1901ರಲ್ಲಿ ಜರ್ಮನಿಯ ಹೆರ್ಜ್‌ಬರ್ಗ್, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಲೆಕ್ಕಕ್ಕೆ ಬಂದರು. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಅಂತರ್ಜಲ ನಿಂತಿದ್ದರೆ, ಅದರ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತೆ. ಕಲ್ಲು, ಜೇಡಿ ಇರೋ ಕಡೆ ಲೆಕ್ಕ ಸ್ವಲ್ಪ ಅತ್ತಿತ್ತ ಆಗಬಹುದು. ಆದರೆ ಇದನ್ನೇ ತಿರುಗಿಸಿ ನೋಡಿ: ಮೇಲಿನ ಮಟ್ಟ ಒಂದು ಅಡಿ ಇಳಿದು ಅಲ್ಲೇ ನಿಂತುಬಿಟ್ಟರೆ, ಕೆಳಗಿನ ಉಪ್ಪುನೀರು ಕ್ರಮೇಣ 40 ಅಡಿ ಏರುತ್ತೆ!

ಆಗ ನಾವು ಮಾಡೋದೇನು? ಬೋರ್‌ವೆಲ್ಲನ್ನು ಇನ್ನೂ ಆಳಕ್ಕೆ ಕೊರೆಸ್ತೀವಿ. ಒಳನಾಡಿನ ಬುದ್ಧಿ ಅದು, ದಂಡೆಯಲ್ಲಿ ನಡೆಯೋದಿಲ್ಲ. ಇಲ್ಲಿ ಆಳಕ್ಕೆ ಇಳಿದಷ್ಟೂ ಉಪ್ಪಿಗೆ ಹತ್ತಿರ. ಪಂಪಿನ ಎಳೆತಕ್ಕೆ ಅದರ ನೇರ ಕೆಳಗೆ ಉಪ್ಪುನೀರು ಹುತ್ತ ಬೆಳೆದ ಹಾಗೆ ಮೊನೆಯಾಗಿ ಏರಿ ಬರುತ್ತೆ.

ಮೊದಲು ಸೋಪು ನೊರೆ ಕೊಡೋದಿಲ್ಲ. ಕೊಡದ ಅಂಚಲ್ಲಿ ಬೆಳ್ಳಗೆ ಗೆರೆ ಕೂರುತ್ತೆ. ಗಿಡದ ಎಲೆ ತುದಿಯಿಂದ ಕರಟ್ತಾ ಬರುತ್ತೆ. ಇಷ್ಟಕ್ಕೆಲ್ಲ ಹೆಚ್ಚು ಉಪ್ಪೂ ಬೇಕಿಲ್ಲ. ಕಡಲ ನೀರಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್, ಅಂದರೆ ಉಪ್ಪಿನ ಒಂದು ಮುಖ್ಯ ಅಂಶ, ಇದೆ. 250 ಮಿಲಿಗ್ರಾಂ ದಾಟಿದರೆ ನಾಲಿಗೆಗೆ ಗೊತ್ತಾಗೋಕೆ ಶುರು. ಅಂದರೆ ನೂರು ಕೊಡ ಸಿಹಿನೀರನ್ನು ಕೆಡಿಸೋಕೆ ಎರಡು ಕೊಡ ಕಡಲ ನೀರು ಸಾಕು.

ಒಮ್ಮೆ ಕೆಟ್ಟ ಮೇಲೆ ಒಂದು ಒಳ್ಳೆ ಮಳೆಗಾಲಕ್ಕೆ ತೊಳೆದು ಹೋಗುತ್ತೆ ಅನ್ನೋ ಆಸೆ ಬೇಡ. ಮರಳಿನ ಸಂದಿಯಿಂದ ಉಪ್ಪು ಹೊರಗೆ ಹೋಗೋಕೆ ವರ್ಷಗಟ್ಟಲೆ ಬೇಕು. ಲಾಸ್ ಏಂಜಲೀಸ್ ಕರಾವಳಿಯಲ್ಲಿ 1950ರ ದಶಕದಿಂದ ಸಾಲುಸಾಲು ಬಾವಿಗಳ ಮೂಲಕ ಒಳ್ಳೆ ನೀರನ್ನು ನೆಲಕ್ಕೆ ತುಂಬಿ ಸಮುದ್ರವನ್ನು ತಡೆದು ನಿಲ್ಲಿಸಿದ್ದಾರೆ. ಆ ಕೆಲಸ ಇವತ್ತಿಗೂ ಮುಗಿದಿಲ್ಲ. ಅಷ್ಟು ದುಡ್ಡು ಎಷ್ಟು ಊರುಗಳ ಹತ್ತಿರ ಇದೆ, ಹೇಳಿ?

ಅದಕ್ಕೇ ನನ್ನ ಒತ್ತಾಯ: ದಂಡೆಯ ಹತ್ತಿರ ಆಳದ ಬೋರ್‌ವೆಲ್‌ಗೆ ಅನುಮತಿ ಕೊಡೋದನ್ನು ನಿಲ್ಲಿಸಿ. ಒಂದೇ ಕಡೆ ದೊಡ್ಡ ಪಂಪು ಬೇಡ, ಮೇಲುಪದರದ ಬಾವಿಗಳಿಂದ ಹಂಚಿಕೊಂಡು ಸ್ವಲ್ಪ ಸ್ವಲ್ಪವೇ ಎತ್ತಿ. ಪ್ರತಿ ಬೇಸಿಗೆಯ ಕೊನೆಗೆ ಬಾವಿನೀರಿನ ಕ್ಲೋರೈಡ್ ಅಳೆದು ಆ ಅಂಕಿಯನ್ನು ಊರಿನವರಿಗೆಲ್ಲ ಕಾಣೋ ಹಾಗೆ ಬರೆದು ಹಾಕಿ. ಲೀಟರಿಗೆ ಹೋದ ವರ್ಷ 60 ಮಿಲಿಗ್ರಾಂ, ಈ ವರ್ಷ 110 ಅಂತಾದರೆ ನೀರಿನ್ನೂ ಸಿಹಿಯಾಗೇ ಇರುತ್ತೆ. ಪಂಪಿನ ಗಂಟೆ ಕಡಿಮೆ ಮಾಡಬೇಕಾದದ್ದು ಆವಾಗಲೇ.