‘ಅರ್ಥವೇನು?’ ಅಂತ ಮೊದಲೇ ಕೇಳಬೇಡಿ: ಹೈಸ್ಕೂಲಿನ ಇಂಗ್ಲಿಷ್ ಪದ್ಯಪಾಠ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಇಷ್ಟು ಜನರ ಮುಂದೆ ಪದ್ಯಪಾಠದ ಬಗ್ಗೆ ಮಾತಾಡಲು ಸಿಕ್ಕಿದ್ದು ನನಗೆ ನಿಜವಾಗಿ ಖುಷಿ. ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ ಮಾತು. ಪದ್ಯ ಓದಿ ಮುಗಿಸಿದ ಕೂಡಲೇ ‘ಇದರ ಅರ್ಥವೇನು?’ ಅಂತ ಮಕ್ಕಳನ್ನು ಕೇಳಬೇಡಿ.

ಆ ಪ್ರಶ್ನೆಯೇ ಬೇಡ ಅಂತಲ್ಲ. ಅದು ಕೊನೆಗೆ ಬರಬೇಕಾದ ಪ್ರಶ್ನೆ. ಮೊದಲೇ ಕೇಳಿದರೆ ಮಕ್ಕಳು ಪದ್ಯ ಬಿಟ್ಟು ನಮ್ಮ ಮುಖ ನೋಡುತ್ತಾರೆ. ಮೇಷ್ಟ್ರ ಮನಸ್ಸಿನಲ್ಲಿ ಯಾವ ಉತ್ತರ ಇದೆ ಅಂತ ಊಹಿಸಲು ಶುರು ಮಾಡುತ್ತಾರೆ. ‘ಜೀವನದ ಹೋರಾಟ’, ‘ಪ್ರಕೃತಿಯ ಸೌಂದರ್ಯ’, ‘ಸಾವು’ ಅಂತ ಒಂದೊಂದಾಗಿ ಎಸೆದು ನೋಡುತ್ತಾರೆ. ಯಾವುದಕ್ಕೆ ನಾವು ತಲೆ ಆಡಿಸುತ್ತೇವೋ ಅದನ್ನು ನೋಟ್ಸಿನಲ್ಲಿ ಬರೆದುಕೊಳ್ಳುತ್ತಾರೆ. ಪದ್ಯ ಅಲ್ಲೇ ಉಳಿದುಹೋಗುತ್ತದೆ. ಯಾರೂ ಅದನ್ನು ಓದಿರುವುದಿಲ್ಲ.

ಇದು ಹೈಸ್ಕೂಲ್ ಮಕ್ಕಳ ಕಷ್ಟ ಮಾತ್ರ ಅಂದುಕೊಳ್ಳಬೇಡಿ. 1920ರ ದಶಕದಲ್ಲಿ ಸಾಹಿತ್ಯ ವಿಮರ್ಶಕ ಐ. ಎ. ರಿಚರ್ಡ್ಸ್ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ಕವಿಯ ಹೆಸರಿಲ್ಲದೆ ಪದ್ಯಗಳನ್ನು ಹಂಚಿ, ನಿಧಾನವಾಗಿ ಓದಿ ಅನಿಸಿದ್ದನ್ನು ಬರೆದುಕೊಡಿ ಅಂದರು. ಇಂಗ್ಲಿಷನ್ನೇ ಓದಲು ಬಂದ ವಿದ್ಯಾರ್ಥಿಗಳು ಅವರು. ಬಂದ ಬರಹಗಳನ್ನು ರಿಚರ್ಡ್ಸ್ 1929ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಓದುಗರ ತೊಂದರೆಗಳ ಪಟ್ಟಿಯಲ್ಲಿ ಅವರು ಮೊದಲು ಹೇಳಿದ್ದು ಯಾವುದನ್ನು ಗೊತ್ತಾ? ಗೂಢಾರ್ಥವನ್ನಲ್ಲ, ಅಲಂಕಾರವನ್ನಲ್ಲ. ಪದ್ಯದ ನೇರವಾದ ಅರ್ಥವೇ ಬಹಳ ಜನಕ್ಕೆ ಸಿಕ್ಕಿರಲಿಲ್ಲ. ಅಲ್ಲಿ ಏನು ನಡೆಯುತ್ತಿದೆ ಅನ್ನುವುದೇ ತಪ್ಪಿಹೋಗಿತ್ತು. ಇನ್ನೊಂದು ತೊಂದರೆ, ಮನಸ್ಸಿನಲ್ಲಿ ಸಿದ್ಧವಾಗಿ ಕೂತ ಭಾವನೆಗಳು. ಪದ್ಯದಲ್ಲಿ ಸೂರ್ಯಾಸ್ತ ಬಂದರೆ ಸಾಕು, ಓದುಗ ತನ್ನದೇ ಹಳೇ ದುಃಖವನ್ನು ಅದಕ್ಕೆ ಅಂಟಿಸಿಬಿಡುತ್ತಾನೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಒಂದು ಪದ್ಯ ಹಿಡಿದೇ ಹೇಳುತ್ತೇನೆ. ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಅವರ ‘ಸ್ಟಾಪಿಂಗ್ ಬೈ ವುಡ್ಸ್ ಆನ್ ಎ ಸ್ನೋಯಿ ಈವ್ನಿಂಗ್’. ಹದಿನಾರೇ ಸಾಲು. ಹಿಮ ಬೀಳುವ ಸಂಜೆ ಒಬ್ಬ ಸವಾರ ಕಾಡಿನ ಪಕ್ಕ ಕುದುರೆ ನಿಲ್ಲಿಸಿ ನೋಡುತ್ತಾ ನಿಲ್ಲುತ್ತಾನೆ, ಅಷ್ಟೇ ಕಥೆ. ನಿಮಗೆಲ್ಲ ಬಾಯಿಪಾಠ ಇರಬಹುದು.

ಮೊದಲು ಜೋರಾಗಿ ಓದಿ. ಒಂದು ಸಲ ನೀವು, ಇನ್ನೊಂದು ಸಲ ಒಂದು ಮಗು. ಆಮೇಲೆ ಸುಮ್ನೆ ಹೀಗೆ ಕೇಳಿ: ಯಾರು ಮಾತಾಡುತ್ತಿದ್ದಾರೆ? ಎಲ್ಲಿದ್ದಾರೆ? ಎಷ್ಟು ಹೊತ್ತಿನಲ್ಲಿ? ಜೊತೆಗೆ ಯಾರಿದ್ದಾರೆ? ಕುದುರೆ ಏನು ಮಾಡಿತು? ಇವು ತೀರಾ ಸಣ್ಣ ಪ್ರಶ್ನೆಗಳು ಅನಿಸಬಹುದು. ಆದರೆ ಇದಕ್ಕೆ ಉತ್ತರ ಹೇಳಬೇಕಾದರೆ ಮಗು ಪುಸ್ತಕ ನೋಡಲೇಬೇಕು. ಕಾಡು ಬೇರೆಯವನದು, ಆ ಮಾಲೀಕನ ಮನೆ ಹಳ್ಳಿಯಲ್ಲಿದೆ, ತಾನು ನಿಂತಿರುವುದು ಅವನಿಗೆ ಕಾಣುವುದಿಲ್ಲ ಅಂತ ಸವಾರ ಮೊದಲ ಮೂರು ಸಾಲಿನಲ್ಲೇ ಹೇಳಿಕೊಳ್ಳುತ್ತಾನೆ. ಸುಮ್ಮನೆ ಹಿಮ ನೋಡಲು ನಿಂತವನು ‘ಯಾರೂ ನೋಡುತ್ತಿಲ್ಲ ತಾನೇ’ ಅಂತ ಯಾಕೆ ಯೋಚಿಸುತ್ತಾನೆ? ಈ ಪ್ರಶ್ನೆ ಮಕ್ಕಳ ಬಾಯಲ್ಲೇ ಬರುತ್ತದೆ. ಅಲ್ಲಿಗೆ ವಿಶ್ಲೇಷಣೆ ಶುರುವಾಯಿತು ಅಂತಲೇ ಲೆಕ್ಕ.

ಈಗ ಪ್ರಾಸಕ್ಕೆ ಬನ್ನಿ. ಒಂದೇ ಪ್ರಾಸದ ಸಾಲುಗಳಿಗೆ ಒಂದೇ ಅಕ್ಷರ ಕೊಟ್ಟು ಎ ಎ ಬಿ ಎ ಅಂತ ಬೋರ್ಡಿನ ಮೇಲೆ ಬರೆದು ಮುಂದೆ ಹೋಗುವುದು ನಮ್ಮ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ದೊಡ್ಡ ನಷ್ಟ. ಮೊದಲ ಚರಣದಲ್ಲಿ ನೋ, ದೋ, ಸ್ನೋ ಒಂದೇ ಪ್ರಾಸ. ಮೂರನೇ ಸಾಲಿನ ‘ಹಿಯರ್’ ಮಾತ್ರ ಒಂಟಿ. ಆದರೆ ಮುಂದಿನ ಚರಣಕ್ಕೆ ಹೋದರೆ ಕ್ವಿಯರ್, ನಿಯರ್, ಇಯರ್ ಬಂದು ಆ ಒಂಟಿ ಪದವನ್ನು ಕೈಹಿಡಿಯುತ್ತವೆ. ಅಲ್ಲಿ ಒಂಟಿಯಾಗಿ ಉಳಿದದ್ದು ‘ಲೇಕ್’. ಅದನ್ನು ಮೂರನೇ ಚರಣದ ಶೇಕ್, ಮಿಸ್ಟೇಕ್, ಫ್ಲೇಕ್ ಹಿಡಿಯುತ್ತವೆ. ಆ ಚರಣದ ಒಂಟಿ ಪದ ‘ಸ್ವೀಪ್’. ಹೀಗೆ ಪ್ರತಿ ಚರಣವೂ ಮುಂದಿನದನ್ನು ಎಳೆಯುತ್ತಾ ಹೋಗುತ್ತದೆ. ಕೊನೆಯ ಚರಣದಲ್ಲಿ ಏನಾಗುತ್ತದೆ? ಡೀಪ್, ಕೀಪ್, ಸ್ಲೀಪ್, ಸ್ಲೀಪ್. ಒಂಟಿ ಪದವೇ ಇಲ್ಲ. ಮುಂದಕ್ಕೆ ಎಳೆಯುವ ದಾರ ನಿಂತುಹೋಗಿದೆ.

ಸವಾರ ಬಾಯಲ್ಲಿ ಹೇಳುವುದು ‘ನಿದ್ದೆಗೆ ಮೊದಲು ಇನ್ನೂ ಬಹಳ ದೂರ ಹೋಗಬೇಕು’ ಅಂತ, ಅದೂ ಎರಡು ಸಲ. ಪ್ರಾಸ ಹೇಳುವುದು ‘ಇಲ್ಲೇ ನಿಂತಾಯಿತು’ ಅಂತ. ಮಾತು ಒಂದು ಕಡೆ, ಸದ್ದು ಇನ್ನೊಂದು ಕಡೆ. ಇದನ್ನು ಮಕ್ಕಳಿಗೆ ಹೇಳಿಬಿಡಬೇಡಿ. ಸಾಲಿನ ಕೊನೆಯ ಪದಗಳಿಗೆ ಅವರೇ ಬಣ್ಣ ಹಾಕಲಿ, ಪ್ರಾಸಕ್ಕೊಂದು ಬಣ್ಣ. ಕೊನೆಯ ಚರಣ ಪೂರ್ತಿ ಒಂದೇ ಬಣ್ಣಕ್ಕೆ ತಿರುಗಿದಾಗ ಯಾಕೆ ಅಂತ ಅವರೇ ಕೇಳುತ್ತಾರೆ.

ಲಯದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಕನ್ನಡ ಛಂದಸ್ಸಿನಲ್ಲಿ ನಾವು ಲಘು ಗುರು ಲೆಕ್ಕ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಲೆಕ್ಕ ಒತ್ತಿನದು. ಈ ಪದ್ಯದ ಪ್ರತಿ ಸಾಲಿನಲ್ಲೂ ನಾಲ್ಕು ಒತ್ತು. ಡೆಸ್ಕ್ ತಟ್ಟುತ್ತಾ ಓದಿಸಿದರೆ ಸಾಕು, ಕಿವಿಗೆ ಬರುತ್ತದೆ. ಈ ಲಯಕ್ಕಿರುವ ಅಯಾಂಬಿಕ್ ಟೆಟ್ರಾಮೀಟರ್ ಅನ್ನುವ ಹೆಸರು ಆಮೇಲೆ ಬರಲಿ. ಹಾಗೆ ತಟ್ಟುವಾಗ ಇನ್ನೊಂದು ವಿಷಯ ಸಿಗುತ್ತದೆ. ಪದ್ಯದ ಉದ್ದಕ್ಕೂ ಒಂದು ಅಥವಾ ಎರಡು ಉಚ್ಚಾರಾಂಶದ ಪುಟ್ಟ ಪದಗಳೇ ಇವೆ. ‘ಈವ್ನಿಂಗ್’ ಕೂಡ ಲಯದಲ್ಲಿ ಎರಡೇ. ಮೂರು ಉಚ್ಚಾರಾಂಶ ಇರುವುದು ಒಂದೇ ಒಂದು ಪದಕ್ಕೆ: ‘ಪ್ರಾಮಿಸಸ್’. ಕಾಡು ಚೆಂದ ಇದೆ, ಆದರೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅನ್ನುವ ಜಾಗದಲ್ಲೇ ಅದು ಬಂದು ಕೂತಿದೆ.

ತರಗತಿಯಲ್ಲಿ ತುಂಬಾ ಚೆನ್ನಾಗಿ ನಡೆಯುವ ಕೆಲಸ ಇನ್ನೊಂದಿದೆ. ಪದ್ಯ ಕೊಡುವಾಗ ಒಂದು ಪದ ಮುಚ್ಚಿಬಿಡಿ. ಮೂರನೇ ಚರಣದಲ್ಲಿ ‘ವಿಂಡ್’ (ಗಾಳಿ) ಅನ್ನುವುದಕ್ಕಿಂತ ಮುಂಚೆ ಬರುವ ಪದ ಮುಚ್ಚಿ, ‘ಇಲ್ಲಿ ಯಾವ ಪದ ಇರಬಹುದು?’ ಅಂತ ಕೇಳಿ. ಹಿಮ ಬೀಳುತ್ತಿದೆ, ಕೆರೆ ಹೆಪ್ಪುಗಟ್ಟಿದೆ, ವರ್ಷದಲ್ಲೇ ಅತಿ ಕತ್ತಲೆಯ ಸಂಜೆ. ಮಕ್ಕಳು ಕೋಲ್ಡ್ ಅನ್ನುತ್ತಾರೆ, ಸ್ಟ್ರಾಂಗ್ ಅನ್ನುತ್ತಾರೆ. ಆಮೇಲೆ ಮುಚ್ಚಿದ್ದು ತೆಗೆಯಿರಿ. ಫ್ರಾಸ್ಟ್ ಬರೆದದ್ದು ‘ಈಸಿ ವಿಂಡ್’, ಮೆಲ್ಲಗೆ ಬೀಸುವ ಗಾಳಿ. ಪಕ್ಕದಲ್ಲೇ ‘ಡೌನಿ ಫ್ಲೇಕ್’. ಡೌನಿ ಅಂದರೆ ಹಕ್ಕಿಯ ಮೆತ್ತನೆಯ ಪುಕ್ಕದ ಹಾಗೆ. ದಿಂಬಿನೊಳಗೆ ತುಂಬುತ್ತಾರಲ್ಲ, ಅದು. ಕೊರೆಯಬೇಕಾದ ಹಿಮ ಇಲ್ಲಿ ಹಾಸಿಗೆಯಷ್ಟು ಮೆತ್ತಗಿದೆ. ಅಂದರೆ ಕೊನೆಯ ಸಾಲಿನ ನಿದ್ದೆ ಇದ್ದಕ್ಕಿದ್ದಂತೆ ಬಂದದ್ದಲ್ಲ. ನಾಲ್ಕು ಸಾಲು ಮೊದಲೇ ಅದರ ತಯಾರಿ ನಡೆದಿದೆ.

ಈಗ ಕೇಳಿ, ಅರ್ಥವೇನು ಅಂತ. ಆ ನಿದ್ದೆ ಸಾವು ಅಂತ ಒಬ್ಬಳು ಹೇಳುತ್ತಾಳೆ. ಅಲ್ಲ, ಪಾಪ ಸುಸ್ತಾಗಿದ್ದಾನೆ ಅಂತ ಇನ್ನೊಬ್ಬ ಹೇಳುತ್ತಾನೆ. ಇಬ್ಬರಿಗೂ ನಮ್ಮ ಪ್ರಶ್ನೆ ಒಂದೇ: ಎಲ್ಲಿದೆ, ತೋರಿಸು. ಮೊದಲನೆಯವಳು ಕತ್ತಲೆ, ಆಳವಾದ ಕಾಡು, ಎರಡು ಸಲ ಬಂದ ಸಾಲು ಇವನ್ನು ತೋರಿಸಬಹುದು. ಎರಡನೆಯವನು ಕುದುರೆ, ದೂರ, ಮುಗಿಯದ ಕೆಲಸ ತೋರಿಸಬಹುದು. ಎರಡೂ ನಿಲ್ಲುತ್ತವೆ. ಅವನಿಗೆ ದಾರಿ ತಪ್ಪಿದೆ ಅಂತ ಮೂರನೆಯವರು ಹೇಳಿದರೆ ಅದು ನಿಲ್ಲುವುದಿಲ್ಲ. ಅದನ್ನು ಹೇಳುವ ಸಾಲೇ ಇಲ್ಲ. ಪದ್ಯಕ್ಕೆ ಒಂದೇ ಉತ್ತರ ಅನ್ನುವುದೂ ತಪ್ಪು, ಯಾರು ಏನು ಹೇಳಿದರೂ ಸರಿ ಅನ್ನುವುದೂ ತಪ್ಪು.

ಕವಿಯ ಜೀವನಚರಿತ್ರೆ ಯಾವಾಗ ಹೇಳಬೇಕು ಅಂತ ಕೇಳುವವರಿದ್ದಾರೆ. ನನ್ನ ಪ್ರಕಾರ ಇಷ್ಟೆಲ್ಲ ಆದ ಮೇಲೆ. ಈ ಹಿಮದ ಪದ್ಯ ಬರೆದದ್ದು 1922ರ ಜೂನ್ ತಿಂಗಳಲ್ಲಿ, ಬೇಸಿಗೆಯಲ್ಲಿ. ಮೊದಲೇ ಹೇಳಿದರೆ ಅದು ಬರೀ ಮಾಹಿತಿ. ಕೊನೆಗೆ ಹೇಳಿದರೆ ಮಕ್ಕಳು ಬೆರಗಾಗುತ್ತಾರೆ. ಹಿಮದ ನಡುವೆ ನಿಂತು ಮಾತಾಡುವವನು ಮತ್ತು ಬೇಸಿಗೆಯಲ್ಲಿ ಮೇಜಿನ ಮುಂದೆ ಕೂತು ಬರೆದವನು ಬೇರೆ ಬೇರೆ ಅನ್ನುವುದು ತಾನಾಗಿ ಹೊಳೆಯುತ್ತದೆ.

ಈ ವ್ಯತ್ಯಾಸ ಬಹಳ ಮುಖ್ಯ. ಉತ್ತರಪತ್ರಿಕೆಗಳಲ್ಲಿ ‘ಕವಿ ಹೇಳುತ್ತಾರೆ’ ಅನ್ನುವುದು ಎಷ್ಟು ಸಲ ಬರುತ್ತದೆ ಅಲ್ವಾ? ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಅವರ 1842ರ ‘ಮೈ ಲಾಸ್ಟ್ ಡಚೆಸ್’ ತೆಗೆದುಕೊಳ್ಳಿ. ಅಲ್ಲಿ ಮಾತಾಡುವವನು ಒಬ್ಬ ಡ್ಯೂಕ್. ತೀರಿಹೋದ ಹೆಂಡತಿಯ ಚಿತ್ರ ತೋರಿಸುತ್ತಾ ಬಹಳ ನಯವಾಗಿ ಮಾತಾಡುತ್ತಾನೆ. ತಾನು ಆಜ್ಞೆ ಕೊಟ್ಟೆ, ಎಲ್ಲ ನಗುವೂ ಒಟ್ಟಿಗೆ ನಿಂತಿತು ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾನೆ. ಅವನ ಮಾತನ್ನು ನಂಬದೆ ಓದುವುದನ್ನು ಮಕ್ಕಳು ಇಲ್ಲಿ ಕಲಿಯುತ್ತಾರೆ. ಹತ್ತನೇ ತರಗತಿಯ ಮಕ್ಕಳಿಗೆ ಇದು ಜಾಸ್ತಿ ಆಯಿತು ಅನ್ನಬೇಡಿ. ಸುಳ್ಳು ಹೇಳುವವರನ್ನು ಗುರುತಿಸುವುದರಲ್ಲಿ ಆ ವಯಸ್ಸಿನವರು ಜಾಣರು.

ಫ್ರಾಸ್ಟ್ ಅವರ ‘ದಿ ರೋಡ್ ನಾಟ್ ಟೇಕನ್’ ಕೂಡ ಇದೇ ಕಾರಣಕ್ಕೆ ತಪ್ಪಾಗಿ ಪಾಠ ಆಗುತ್ತಿದೆ. ಜನ ಹೋಗದ ದಾರಿಯಲ್ಲಿ ಧೈರ್ಯವಾಗಿ ಹೋಗು ಅಂತ ಗೋಡೆಗಳ ಮೇಲೆಲ್ಲ ಬರೆಯುತ್ತೇವೆ. ಪದ್ಯ ನೋಡಿ. ಎರಡೂ ದಾರಿ ಹೆಚ್ಚುಕಮ್ಮಿ ಒಂದೇ ಥರ ಸವೆದಿದ್ದವು ಅಂತ ಎರಡನೇ ಚರಣದಲ್ಲೇ ಇದೆ. ಆ ಬೆಳಿಗ್ಗೆ ಎರಡರ ಮೇಲೂ ಎಲೆಗಳು ಒಂದೇ ರೀತಿ ಬಿದ್ದಿದ್ದವು ಅಂತ ಮೂರನೆಯದರಲ್ಲಿದೆ. ಕಡಿಮೆ ಜನ ಓಡಾಡಿದ ದಾರಿ ಹಿಡಿದೆ, ಅದರಿಂದಲೇ ಎಲ್ಲ ಬದಲಾಯಿತು ಅಂತ ಅವನು ಹೇಳುವುದು ಈಗಲ್ಲ. ಮುಂದೆ ಯಾವಾಗಲೋ, ಬಹಳ ವರ್ಷ ಕಳೆದ ಮೇಲೆ, ನಿಟ್ಟುಸಿರು ಬಿಟ್ಟು ಹಾಗೆ ಹೇಳುತ್ತೇನೆ ಅನ್ನುತ್ತಾನೆ. ಇಂಗ್ಲೆಂಡಿನಲ್ಲಿದ್ದಾಗ ಫ್ರಾಸ್ಟ್ ತನ್ನ ಗೆಳೆಯ ಎಡ್ವರ್ಡ್ ಥಾಮಸ್ ಜೊತೆ ಸುತ್ತಾಡಲು ಹೋಗುತ್ತಿದ್ದರು. ಯಾವ ದಾರಿ ಹಿಡಿದರೂ ಇನ್ನೊಂದರಲ್ಲಿ ಹೋಗಬೇಕಿತ್ತು ಅಂತ ಥಾಮಸ್ ಕೊರಗುತ್ತಿದ್ದರು. ಪದ್ಯ ಹುಟ್ಟಿದ್ದು ಅಲ್ಲಿ. ಶೀರ್ಷಿಕೆ ಕೂಡ ಹೋಗದೆ ಬಿಟ್ಟ ದಾರಿಯದೇ. ಒಂದು ನೀತಿವಾಕ್ಯಕ್ಕಾಗಿ ಇಷ್ಟೊಂದನ್ನು ಕೈಬಿಡುವುದು ನನಗೆ ಸಂಕಟ ತರುತ್ತದೆ.

ಕೊನೆಗೆ ಉತ್ತರ ಬರೆಯುವ ವಿಷಯ. ‘ಈ ಸಾಲಿನಲ್ಲಿ ಅಲಿಟರೇಷನ್ (ಒಂದೇ ಸದ್ದು ಮತ್ತೆ ಮತ್ತೆ ಬರುವುದು) ಇದೆ’ ಅಂತ ಬರೆದರೆ ಅಂಕ ಕೊಡುತ್ತೇವೆ. ಪರೀಕ್ಷೆ ಇರುವ ತನಕ ಆ ಹೆಸರುಗಳು ಬೇಕು, ಒಪ್ಪುತ್ತೇನೆ. ಆದರೆ ಹೆಸರಿನ ಪಕ್ಕದಲ್ಲಿ ಇನ್ನೊಂದು ವಾಕ್ಯ ಬರೆಸಿ: ಇದ್ದರೆ ಏನಾಯಿತು? ‘ಸೌಂಡ್ಸ್’, ‘ಸ್ವೀಪ್’, ‘ಈಸಿ’ ಪದಗಳಲ್ಲಿ ಮತ್ತೆ ಮತ್ತೆ ಬರುವ ಉಸಿರಿನಂಥ ಸದ್ದು ಗಾಳಿಯನ್ನೇ ಕೇಳಿಸುತ್ತದೆ ಅಂತ ಒಂದು ಮಗು ಬರೆದರೆ, ಅಲಂಕಾರದ ಹೆಸರು ಮರೆತಿದ್ದರೂ ಆ ಮಗು ಪದ್ಯ ಓದಿದೆ. ಇಡೀ ಚರಣ ಉದ್ಧರಿಸುವುದು ಬೇಡ, ಎರಡು ಮೂರು ಪದ ಸಾಕು. ಆ ಪದ ಏನು ಮಾಡುತ್ತಿದೆ ಅಂತ ಸ್ವಂತ ಮಾತಿನಲ್ಲಿ ಹೇಳಲಿ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ. ಚರ್ಚೆ ಕನ್ನಡದಲ್ಲಿ ನಡೆದು ಬರಹ ಇಂಗ್ಲಿಷಿನಲ್ಲಿ ಬಂದರೂ ತೊಂದರೆ ಇಲ್ಲ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಅದಕ್ಕೂ ಮೊದಲು ಬ್ರೌನಿಂಗ್ ಪದ್ಯದ ಹಾಳೆ ಹಂಚುತ್ತೇವೆ. ಐವತ್ತಾರು ಸಾಲಿದೆ, ಇಬ್ಬರು ಹಂಚಿಕೊಂಡು ಜೋರಾಗಿ ಓದಿದರೆ ಒಳ್ಳೆಯದು.